ಎಣ್ಣೆ ಏರದ ಮಷಿನ್

ಹೊಲಿಗೆಯ ಪವರ್ ಮಷಿನ್ನಿನ ನೆತ್ತಿಯ ಮೇಲೆ ಹಳೇ ಎಂಟಾಣೆಯಷ್ಟಗಲದ ಒಂದು ಗಾಜಿನ ಬಿಲ್ಲೆ ಇರುತ್ತದೆ. ಮಷಿನ್ ಓಡುವಾಗ, ಕೆಳಗಿನ ತೊಟ್ಟಿಯಿಂದ ಪಂಪು ಎತ್ತಿ ತಂದ ಎಣ್ಣೆ ಆ ಗಾಜಿಗೆ ಒಳಗಿನಿಂದ ಚಿಮ್ಮುವುದು ಕಾಣಬೇಕು. ಕಂಡರೆ ಒಳಗೆ ತಿರುಗುವ ದಂಡಗಳನ್ನು ಹಿಡಿದಿರುವ ಬುಷ್ಷುಗಳಿಗೆಲ್ಲ ಎಣ್ಣೆ ಮುಟ್ಟುತ್ತಿದೆ ಎಂದು ಲೆಕ್ಕ. ಗಾಜು ಒಣಗಿದ್ದರೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿದೆ ಎಂದು ಲೆಕ್ಕ. ಇಷ್ಟು ಸಣ್ಣ ವಿಷಯ ನನಗೆ ತಿಳಿದದ್ದು ಇಂಥದ್ದೇ ಒಂದು ಹಳೇ ಮಷಿನ್ನಿಗೆ 14,500 ರೂಪಾಯಿ ಕೊಟ್ಟಾದ ಮೇಲೆ.

ನನ್ನ ಫೋನಿನಲ್ಲಿ ಈಗಲೂ ಅದನ್ನು ಮಾರಿದವರ ಒಂದು ವಿಡಿಯೊ ಇದೆ. 38 ಸೆಕೆಂಡಿನದು. ಚಿತ್ರದುರ್ಗದ ಒಂದು ಮನೆಯ ಹಜಾರ, ಕಿಟಕಿ ಪಕ್ಕ ಮಷಿನ್, ಒಂದು ಕೈ ನೀಲಿ ಬಟ್ಟೆಯ ತುಂಡೊಂದನ್ನು ಸೂಜಿಯ ಕೆಳಗೆ ತಳ್ಳುತ್ತಿದೆ. ಹೊಲಿಗೆ ಗೆರೆ ಎಳೆದ ಹಾಗೆ ಬೀಳುತ್ತದೆ. ಕೊನೆಗೆ ಬಟ್ಟೆಯನ್ನು ತಿರುಗಿಸಿ ಹಿಂಭಾಗದ ಹೊಲಿಗೆಯನ್ನೂ ತೋರಿಸುತ್ತಾರೆ. ಸೂಜಿ, ಬಾಬಿನ್, ಪೆಡಲ್ಲು, ಮೋಟರಿನ ಡಿಸ್‌ಪ್ಲೇ ಎಲ್ಲವೂ ಕಾಣುತ್ತವೆ, ಆ ಗಾಜಿನ ಬಿಲ್ಲೆಯೊಂದನ್ನು ಬಿಟ್ಟು. ಕ್ಯಾಮೆರಾ ಒಂದು ಸಲವೂ ಅಷ್ಟು ಮೇಲಕ್ಕೆ ಹೋಗುವುದಿಲ್ಲ. ಬೇಕಂತಲೇ ಬಿಟ್ಟರೋ, ಅಲ್ಲೊಂದು ಗಾಜಿದೆ ಎಂಬುದೇ ತಿಳಿಯದೆ ಬಿಟ್ಟರೋ? ಎಂಟು ತಿಂಗಳಾಯಿತು. ದುಡ್ಡಿನ ಲೆಕ್ಕ ಎಂದೋ ಚುಕ್ತಾ ಆಗಿದೆ, ಈ ಪ್ರಶ್ನೆ ಮಾತ್ರ ಆಗಿಲ್ಲ. ಅದಕ್ಕೇ ಈ ಬರಹ.

ಕೊಂಡ ಕಥೆ ಹೆಚ್ಚೇನಿಲ್ಲ. ನನ್ನ ಹೆಂಡತಿ ದಾವಣಗೆರೆಯ ನಿಟುವಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು, ಚೂಡಿದಾರ ಹೊಲಿಯುತ್ತಾಳೆ. ತುಳಿಯುವ ಮಷಿನ್ನಿಗೇ ಮೋಟರು ಕಟ್ಟಿಸಿಕೊಂಡು ಹನ್ನೊಂದು ವರ್ಷ ದೂಡಿದ್ದಳು. ದಸರಾ ಹತ್ತಿರ ಬಂದು ಬಟ್ಟೆ ಗುಡ್ಡೆ ಬಿದ್ದಾಗ ಅದು ಕೈಕೊಟ್ಟಿತು. ಹೊಸ ಪವರ್ ಮಷಿನ್ನಿಗೆ ಅಂಗಡಿಯಲ್ಲಿ ಹೇಳಿದ ಬೆಲೆ ಕೇಳಿ ಇಬ್ಬರೂ ಸುಮ್ಮನೆ ಎದ್ದು ಬಂದೆವು. ಆ ರಾತ್ರಿಯೇ ಫೋನಿನಲ್ಲಿ ಈ ಜಾಹೀರಾತು ಕಂಡಿತು: ಡೈರೆಕ್ಟ್ ಡ್ರೈವ್ ಪವರ್ ಮಷಿನ್ (ಬೆಲ್ಟಿಲ್ಲದೆ ಮೋಟರೇ ನೇರ ತಿರುಗಿಸುವಂಥದ್ದು), ಮನೆ ಬಳಕೆ, ಗುಡ್ ಕಂಡಿಷನ್, ಅರ್ಜೆಂಟ್ ಸೇಲ್. ದುರ್ಗ ಏನು ದೂರ, ಅರವತ್ತು ಕಿಲೋಮೀಟರ್. ಆನಗೋಡು, ಭರಮಸಾಗರ ದಾಟಿದರೆ ಬಂದೇಬಿಟ್ಟಿತು. ಒಂದು ಭಾನುವಾರ ಹೋಗಿ ನೋಡಿ ಬರಬಹುದಿತ್ತು. ಹೋಗಲಿಲ್ಲ. ಬದಲಿಗೆ ವಾಟ್ಸಾಪಿನಲ್ಲಿ ಒಂದು ಜಾಣ ಸಂದೇಶ ಬರೆದೆ, ಬರೆದದ್ದು ಹೀಗೆ: "ಸಾರ್, ರಿಪೇರಿ ಏನಾದರೂ ಇದ್ದರೆ ಈಗಲೇ ಹೇಳಿಬಿಡಿ. ನೀವು ಏನೂ ಹೇಳದಿದ್ದರೆ ಸರಿ ಇದೆ ಅಂತಲೇ ತಿಳ್ಕೊಂಡು ದುಡ್ಡು ಹಾಕ್ತೀವಿ." ಎರಡು ನೀಲಿ ಟಿಕ್ ಬಿದ್ದವು. ಹತ್ತು ನಿಮಿಷ ಬಿಟ್ಟು ಅವರಿಂದ ಒಂದು ಕ್ಯೂಆರ್ ಕೋಡ್ ಬಂತು. ಅದನ್ನೇ ಉತ್ತರ ಎಂದುಕೊಂಡೆ.

"ಒಣಗಿ ಓಡ್ತೈತೆ"

ಮಷಿನ್ ಟಾಟಾ ಏಸ್‌ನಲ್ಲಿ ಬಂತು. ತಲೆಭಾಗವನ್ನು ಬಿಚ್ಚಿ, ಹಳೇ ಕೌದಿಯಲ್ಲಿ ಸುತ್ತಿ, ಅಡ್ಡ ಮಲಗಿಸಿ ತಂದಿದ್ದರು. ಕೌದಿಯಲ್ಲಿ ಎಣ್ಣೆಯ ಕಲೆ ಕಂಡದ್ದು ನೆನಪಿದೆ, ಆಗ ಅದಕ್ಕೆ ಬೆಲೆ ಕೊಡಲಿಲ್ಲ. ಜೋಡಿಸಿ, ತೊಟ್ಟಿಗೆ ಎಣ್ಣೆ ತುಂಬಿ ಓಡಿಸಿದರೆ ವಿಡಿಯೊದಲ್ಲಿದ್ದ ಹಾಗೇ ಓಡಿತು. ಆ ಖುಷಿಗೆ ನಾನು ಹೋಗಿ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದೆ.

ಎರಡನೇ ದಿನ ಮಾವ ಬಂದರು. ಅವರು ಕಾಟನ್ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದವರು. ಮಿಲ್ಲು ಮುಚ್ಚಿ, ತಾವು ಎಣ್ಣೆ ಹಾಕಿ ಸಾಕಿದ ಯಂತ್ರಗಳು ಗುಜರಿಯವರ ಲಾರಿ ಹತ್ತಿದ್ದನ್ನು ಗೇಟಿನ ಹೊರಗೆ ನಿಂತು ನೋಡಿದವರು. ಕಿವಿ ಸ್ವಲ್ಪ ಮಂದ. ಮಿಲ್ಲಿನ ಸದ್ದಿನಲ್ಲಿ ದುಡಿದವರಲ್ಲಿ ಯಾರ ಕಿವಿ ತಾನೇ ಸರಿ ಇದೆ? ಆದರೆ ಮಷಿನ್ನಿನ ವಿಷಯಕ್ಕೆ ಆ ಮಂದ ಕಿವಿಯೇ ಬೇರೆ. ಮಗಳು ಹೊಲಿಯುತ್ತಿದ್ದಳು, ಇವರು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದರು. ಕಾಲು ಗಂಟೆ ಆಗಿರಬಹುದು. ಲೋಟ ಕೆಳಗಿಟ್ಟು ಎದ್ದರು. ಹೋಗಿ ಮಷಿನ್ನಿನ ಮೈಮೇಲೆ ಅಂಗೈ ಇಟ್ಟರು, ಜ್ವರ ನೋಡುವ ಹಾಗೆ.

"ನಿಲ್ಸವ್ವ. ಒಣಗಿ ಓಡ್ತೈತೆ ಇದು."

"ನಿನ್ನೆ ತಾನೆ ಎಣ್ಣೆ ತುಂಬೀವಲ್ಲ ಅಪ್ಪಾ."

"ತುಂಬಿದ್ದು ತೊಟ್ಟಿಗೆ. ಮ್ಯಾಲಕ್ಕೆ ಏರಬೇಕಲ್ಲ." ಆಮೇಲೆ ಆ ಗಾಜನ್ನು ಬೆರಳಿನಿಂದ ಟಕಟಕ ಬಡಿದು ನನ್ನ ಕಡೆ ತಿರುಗಿದರು. "ನೋಡಿ ಇಲ್ಲಿ. ಹನಿ ಐತಾ?"

ಇರಲಿಲ್ಲ. ಮಷಿನ್ನಿನ ತಲೆ ಇಸ್ತ್ರಿ ಪೆಟ್ಟಿಗೆಯ ಹಾಗೆ ಬಿಸಿಯಾಗಿತ್ತು. ಮೂರನೇ ದಿನಕ್ಕೆ ಹೊಲಿಗೆ ಬಿಡಲು ಶುರುವಾಯಿತು, ಐದು ಟಾಕಿಗೆ ಒಂದು ಮಾಯ. ರಿಪೇರಿಯವರು ಬಂದು ಬಿಚ್ಚಿ, ಪಂಪು ಸತ್ತಿದೆ, ಎರಡು ಬುಷ್ ಸವೆದಿವೆ, ಸೂಜಿಯ ದಾರವನ್ನು ಕೆಳಗೆ ಹಿಡಿಯುವ ಹುಕ್ಕಿನ ಮೂತಿಯೂ ಸವೆದಿದೆ ಎಂದು ಚೀಟಿ ಬರೆದರು: ಪಂಪಿಗೆ 600, ಬುಷ್ ಕೆಲಸಕ್ಕೆ 2,100, ಹುಕ್ಕಿಗೆ 900, ಕೂಲಿ 700. ಒಟ್ಟು 4,300.

ದುರ್ಗಕ್ಕೆ ಫೋನ್ ಮಾಡಿದೆ. "ಸಾರ್, ನಮ್ಮನೇಲಿ ಚೆನ್ನಾಗೇ ಓಡ್ತಿತ್ತು. ವಿಡಿಯೊ ನೋಡಿಯೇ ತಗೊಂಡಿದ್ದೀರಿ. ಗಾಡಿಯೋನು ಮಲಗಿಸ್ಕೊಂಡು ಹೋಗಿದ್ದಕ್ಕೆ ಏನಾದ್ರೂ ಆಗಿರ್ಬೇಕು" ಎಂದರು. ದನಿಯಲ್ಲಿ ಒರಟುತನವಿರಲಿಲ್ಲ. ಅದೇ ಕಷ್ಟ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಜಾಹೀರಾತು ಇದ್ದ ತಾಣಕ್ಕೆ ದೂರು ಕೊಟ್ಟರೆ, ಕೊಳ್ಳುವವರನ್ನೂ ಮಾರುವವರನ್ನೂ ಭೇಟಿ ಮಾಡಿಸುವುದಷ್ಟೇ ನಮ್ಮ ಕೆಲಸ ಎನ್ನುವ ಉತ್ತರ ಬಂತು, ಯಂತ್ರವೇ ಬರೆದ ಉತ್ತರ. ಜಾಹೀರಾತನ್ನು ಮತ್ತೆ ನೋಡೋಣ ಎಂದರೆ ಅದು ಮಾಯವಾಗಿತ್ತು. ಮಾರಾಟವಾಯಿತು ಎಂದು ಅವರು ಒತ್ತಿದ್ದರು, ಅಲ್ಲಿಗೆ ಮುಗಿಯಿತು. (ದುಡ್ಡು ಹಾಕುವ ಮುಂಚೆ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನನ್ನ ಹತ್ತಿರ ಇದ್ದದ್ದು ಹೆಂಡತಿಗೆ ತೋರಿಸಲೆಂದು ತೆಗೆದ ಒಂದೇ ಒಂದು ಚಿತ್ರ, ಅದೂ ಅರ್ಧ.)

ಅಂಗಡಿಯವನಾ, ಮನೆಯವನಾ?

ನನ್ನ ಜತೆ ಓದಿದವನೊಬ್ಬ ಇಲ್ಲೇ ಕೋರ್ಟಿನಲ್ಲಿ ವಕೀಲ. ಸಂಜೆ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಪೂರ್ತಿ ಕಥೆ ಹೇಳಿದೆ. ಪಂಪು, ಗಾಜು, ನೀಲಿ ಟಿಕ್ಕು ಎಲ್ಲ ಕೇಳಿ ಅವನು ಕೇಳಿದ್ದು ಒಂದೇ ಪ್ರಶ್ನೆ: "ಮಾರಿದೋನು ಅಂಗಡಿಯವನಾ, ಮನೆಯವನಾ?"

ಅಂಗಡಿಯವನಾಗಿದ್ದರೆ ದಾರಿ ಸಲೀಸು ಎಂದ. ಹಳೇ ಸರಕಾದರೇನು, ವ್ಯಾಪಾರಿ ವ್ಯಾಪಾರಿಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಆನ್‌ಲೈನ್ ಖರೀದಿಯನ್ನೂ ಹೆಸರು ಹಿಡಿದೇ ಒಳಗೆ ಸೇರಿಸಿಕೊಂಡಿದೆ. ನನ್ನ ಅನುಮಾನ ಬೇರೆಯಿತ್ತು: ಇವಳು ಹೊಲಿದು ದುಡ್ಡು ತಗೊಳ್ಳುತ್ತಾಳಲ್ಲ, ಅದು ವ್ಯಾಪಾರದ ಉದ್ದೇಶ ಆಗುವುದಿಲ್ಲವೇ? ಆಗುವುದಿಲ್ಲವಂತೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕಷ್ಟೇ ಕೊಂಡ ವಸ್ತು ವಾಣಿಜ್ಯ ಉದ್ದೇಶದ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಯ್ದೆಯ ವಿವರಣೆಯಲ್ಲೇ ಇದೆ. ಮಾರಿದವನು ಎಲ್ಲೇ ಇರಲಿ, ಕೊಂಡವರು ತಾವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಬರೆಸಿದರೆ ಎಷ್ಟೋ ಅಂಗಡಿಯವರು ಅಲ್ಲಿಗೇ ದಾರಿಗೆ ಬರುತ್ತಾರೆ. ಎದುರು ಪಾರ್ಟಿಗೆ ನೋಟಿಸು ಮುಟ್ಟಿದ 3 ತಿಂಗಳಲ್ಲಿ, ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಾದರೆ 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. "ಪ್ರಯತ್ನ ಅನ್ನೋ ಪದ ಮರೀಬೇಡ" ಎಂದು ನಕ್ಕ.

"ಮನೆಯವರಪ್ಪ. ಹೆಂಡತಿ ಹೊಲೀತಿದ್ರಂತೆ, ಬಿಟ್ಟಿದಾರೆ, ಮಾರಿದಾರೆ."

"ಹಂಗಾದ್ರೆ ಮೆಣಸಿನಕಾಯಿ ತಿನ್ನು" ಎಂದ.

ನನಗೆ ಆವರೆಗೆ ಗೊತ್ತಿಲ್ಲದ ವಿಷಯ ಇದು. 2020ರ ಇ-ಕಾಮರ್ಸ್ ನಿಯಮಗಳು, ಕಸುಬಾಗಿ ಅಲ್ಲದೆ ಸ್ವಂತಕ್ಕೆ ಎಂದೋ ಒಮ್ಮೆ ಮಾರುವ ಸಾಮಾನ್ಯ ಮನುಷ್ಯನಿಗೆ ಅನ್ವಯಿಸುವುದಿಲ್ಲ. ಆನ್‌ಲೈನ್ ಎಂಬುದು ಅಲ್ಲಿಗೆ ಕಳಚಿ ಬೀಳುತ್ತದೆ. ಉಳಿಯುವುದು ಇಬ್ಬರು ಮನುಷ್ಯರು, ಒಂದು ಹಳೇ ವಸ್ತು, ಮತ್ತು ಬ್ರಿಟಿಷರ ಕಾಲದ ಎರಡು ಕಾಯ್ದೆ: 1872ರ ಕರಾರು ಕಾಯ್ದೆ, 1930ರ ಸರಕು ಮಾರಾಟ ಕಾಯ್ದೆ. ಎರಡನೆಯದು ಮೂಲದಲ್ಲಿ ಕೊಳ್ಳುವವನೇ ಹುಷಾರಾಗಿರಬೇಕು ಎನ್ನುವಂಥದ್ದು. ಸರಕು ಬಳಸಲು ಯೋಗ್ಯವಾಗಿರಬೇಕು ಎಂಬ ಹೇಳದೇ ಇರುವ ಷರತ್ತು ಆ ಬಗೆಯ ಸರಕಿನ ವ್ಯಾಪಾರ ಮಾಡುವವನಿಗೆ ಮಾತ್ರ. ಮನೆಯವನನ್ನು ಹಿಡಿಯಬೇಕಾದರೆ ಉಳಿಯುವುದು ವರ್ಣನೆ. ಹೇಗಿದೆ ಎಂದು ಹೇಳಿ ಮಾರಿದರೋ ವಸ್ತು ಹಾಗೇ ಇರಬೇಕು. "ಡೈರೆಕ್ಟ್ ಡ್ರೈವ್" ಎಂದು ಹೇಳಿ ಬೆಲ್ಟಿನ ಮೋಟರು ಕೊಟ್ಟಿದ್ದರೆ ಸಿಕ್ಕಿಬೀಳುತ್ತಿದ್ದರು. "ಗುಡ್ ಕಂಡಿಷನ್" ಎಂದರೆ? ಅದು ವರ್ಣನೆಯೋ, ಮದುವೆ ಹುಡುಗನ ಬಗ್ಗೆ ಹೇಳುವ ಮಾತಿನಂಥದ್ದೋ?

ಇನ್ನೂ ಎರಡು ಉಪಯೋಗದ ಮಾತು ಹೇಳಿದ. ಸರಕು ಬೇಡವೆಂದರೆ ತಡಮಾಡದೆ ತಿಳಿಸಬೇಕು, ತುಂಬಾ ದಿನ ಇಟ್ಟುಕೊಂಡರೆ ಒಪ್ಪಿಕೊಂಡ ಹಾಗೇ ಲೆಕ್ಕ. ನಾನು ಮೂರನೇ ದಿನವೇ ಬರೆದು ತಿಳಿಸಿದ್ದು ಬಚಾವು. ಹಾಗೆ ಬೇಡವೆಂದು ತಿಳಿಸಿದ ಮೇಲೆ ಅದನ್ನು ಹೊತ್ತುಕೊಂಡು ಹೋಗಿ ಮುಟ್ಟಿಸಬೇಕಾಗಿಯೂ ಇಲ್ಲ. ಬೇರೆ ಮಾತಿಲ್ಲದಿದ್ದರೆ, ತಗೊಳ್ಳೋದಿಲ್ಲ ಎಂದು ತಿಳಿಸಿದರೆ ಸಾಕು. ಇದನ್ನು ಕೇಳಿ ಮಾವನಿಗೆ ಬಹಳ ಸಂತೋಷವಾಯಿತು. ಮಷಿನ್ನನ್ನು ಕೌದಿಯಲ್ಲಿ ಮತ್ತೆ ಸುತ್ತಿಡೋಣ ಎಂದರು.

ಪಕ್ಕದ ಬೀದಿಯ ಹುಡುಗನೊಬ್ಬ ಇದೇ ಹೊತ್ತಿಗೆ ಸೈನಿಕ ಎಂದು ಹೇಳಿಕೊಂಡವನಿಗೆ, ವರ್ಗಾವಣೆ ಆಗಿದೆ ಅರ್ಜೆಂಟು ಎಂಬ ಕಥೆ ನಂಬಿ, ಬೈಕಿಗೆ ಮುಂಗಡ ಹಾಕಿ ಕೂತಿದ್ದ. ಅವನೂ ನನ್ನ ಜತೆ ವಕೀಲನ ಹತ್ತಿರ ಬರುತ್ತೇನೆಂದ. ಅವನದು ಜಗಳವೇ ಅಲ್ಲ, ಕಳವು. ಅದಕ್ಕೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಅದೂ ತಕ್ಷಣ, ದುಡ್ಡು ಇನ್ನೊಂದು ಖಾತೆಗೆ ಹಾರುವ ಮುಂಚೆ. ಜಗಳವಾಡಲು ಎದುರಿಗೆ ಒಬ್ಬ ಮನುಷ್ಯನಾದರೂ ಇರಬೇಕಲ್ಲ. ನನಗೆ ಆ ಭಾಗ್ಯವಿತ್ತು.

ಕುದುರೆ ಮತ್ತು ಎತ್ತು

ಕರಾರು ಕಾಯ್ದೆಯ 17ನೇ ಕಲಮನ್ನು ಆ ವಾರ ನಾನು ಎಷ್ಟು ಸಲ ಓದಿದೆನೋ. ವಂಚನೆ ಎಂದರೇನು ಎಂದು ಹೇಳುವ ಕಲಮು ಅದು. ಕೊಳ್ಳುವವನ ಮನಸ್ಸು ಬದಲಿಸಬಹುದಾದ ಸಂಗತಿಯನ್ನು ಬರೀ ಹೇಳದೆ ಸುಮ್ಮನಿದ್ದರೆ ಅದು ವಂಚನೆಯಲ್ಲ ಎನ್ನುತ್ತದೆ. ಜತೆಗೆ ಉದಾಹರಣೆ ಕೊಡುತ್ತದೆ, ಅದೂ ಕುದುರೆಯದು. ಒಬ್ಬ ಹರಾಜಿನಲ್ಲಿ ಕುದುರೆ ಮಾರುತ್ತಾನೆ. ಅದಕ್ಕೆ ಊನವಿದೆ ಎಂದು ಅವನಿಗೆ ಗೊತ್ತು. ಏನೂ ಹೇಳುವುದಿಲ್ಲ. ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳೇ ಆಗಿದ್ದರೆ? ಆಗ ಹೇಳುವುದು ಅವನ ಕರ್ತವ್ಯ. ಮೂರನೆಯದು ನನ್ನ ಎದೆಗೇ ಬಂದು ಕೂತಿತು. ಕೊಳ್ಳುವವನು "ನೀನು ಇಲ್ಲ ಎನ್ನದಿದ್ದರೆ ಕುದುರೆ ಸರಿ ಇದೆ ಎಂದೇ ತಿಳಿಯುತ್ತೇನೆ" ಎನ್ನುತ್ತಾನೆ. ಮಾರುವವನು ಸುಮ್ಮನಿರುತ್ತಾನೆ. ಇಲ್ಲಿ ಮೌನವೂ ಮಾತಿಗೆ ಸಮ.

ನನ್ನ ವಾಟ್ಸಾಪ್ ಸಂದೇಶವನ್ನೇ ನೋಡಿಕೊಂಡು 1872ರಲ್ಲಿ ಯಾರೋ ಬರೆದ ಹಾಗಿತ್ತು. ವಕೀಲ ಗೆಳೆಯನಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದೆ. ಅವನು ಆಕಳಿಸುತ್ತ, "ಎರಡು ಪುಟ ಮುಂದಕ್ಕೆ ಹೋಗು, 19 ನೋಡು" ಎಂದ. ಅಲ್ಲೊಂದು ಅಪವಾದ ಕೂತಿತ್ತು: ಅಂಥ ಮೌನದಿಂದ ಮೋಸ ಹೋಗಿದ್ದರೂ, ಸಾಧಾರಣ ಎಚ್ಚರ ವಹಿಸಿ ಸತ್ಯ ತಿಳಿದುಕೊಳ್ಳುವ ದಾರಿ ನಿನಗಿದ್ದಿದ್ದರೆ ಕರಾರನ್ನು ಮುರಿಯಲು ಬರುವುದಿಲ್ಲ. ಅರವತ್ತು ಕಿಲೋಮೀಟರ್. ಗಂಟೆಗೆ ಎಷ್ಟು ಬಸ್ಸು. ಒಂದು ಭಾನುವಾರ.

ಜಗಳೂರು ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜ ಹೇಳುತ್ತಿದ್ದ ಎತ್ತಿನ ಕಥೆ ನೆನಪಾಯಿತು. ಜಾತ್ರೆಯ ದನದ ಸಂತೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ, ಗೊರಸು ಒತ್ತಿ, ದಲ್ಲಾಳಿಯ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟಿ ತಂದ ಎತ್ತು. ಬೆಳಗಿನ ಹೊತ್ತು ಆನೆಯ ಹಾಗೆ ಎಳೆಯುತ್ತಿತ್ತಂತೆ. ಬಿಸಿಲು ನೆತ್ತಿಗೆ ಬಂದ ಕೂಡಲೇ ನೇಗಿಲು ಹೂಡಿದ ಸಾಲಿನಲ್ಲೇ ಮಲಗಿಬಿಡುತ್ತಿತ್ತು. ಬಾಲ ತಿರುಚಿದರೂ ಏಳದು. ಅಜ್ಜ ಎತ್ತು ಹೊಡೆದುಕೊಂಡು ಮಾರಿದವನ ಊರಿಗೆ ಹೋದರು. ಅವನು ಹೇಳಿದ್ದು: "ಹಾಯ್ತದಾ ಅಂದ್ರಿ, ಇಲ್ಲ ಅಂದೆ. ಒದೀತದಾ ಅಂದ್ರಿ, ಇಲ್ಲ ಅಂದೆ. ಮಲಗ್ತದಾ ಅಂತ ಕೇಳಿದ್ರಾ?" ಅವನ ಊರಿನ ಗುಡಿಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಮಧ್ಯಾಹ್ನದವರೆಗೆ ಎಳೆಯುವ ಎತ್ತಿಗೆ ಅರ್ಧ ದಿನದ ಬೆಲೆ ಕಡಿಮೆ ಮಾಡಬೇಕು ಎಂದು ಒಬ್ಬ ಹಿರಿಯ ಹೇಳಿದನಂತೆ. ಹಾಗೇ ಆಯಿತು. ಅಜ್ಜ ಎತ್ತನ್ನು ವಾಪಸ್ ಹೊಡೆದುಕೊಂಡು ಬಂದರು. ಅದು ಸಾಯುವವರೆಗೂ ಬೆಳಗಿನ ಹೊತ್ತು ಮಾತ್ರ ದುಡಿಯಿತು. ಆಮೇಲೆ ಯಾವ ಸಂತೆಗೆ ಹೋದರೂ ಅಜ್ಜ ಕೊನೆಗೆ ಒಂದು ಪ್ರಶ್ನೆ ಕೇಳುತ್ತಿದ್ದರು: "ನಾನು ಕೇಳದೇ ಇರೋದು ಏನಾರ ಐತೇನಪ್ಪಾ?"

ಚಿಕ್ಕವನಿದ್ದಾಗ ಇದು ತಮಾಷೆಯ ಕಥೆ. ಈಗ ನನಗೆ ಕಾಡಿದ್ದು ಆ ಹಿರಿಯನ ಲೆಕ್ಕ. ಅವನು ಸುಳ್ಳು ಯಾರದು ಎಂದು ಹುಡುಕಲಿಲ್ಲ. ಎತ್ತು ಎಷ್ಟು ಎತ್ತಾಗಿದೆ ಎಂದು ಅಳೆದ, ಅಷ್ಟೆ. ನಾನು ಕೂತು ರಿಪೇರಿ ಚೀಟಿಯನ್ನು ಹಾಗೇ ಒಡೆದು ನೋಡಿದೆ. ಹುಕ್ಕು ಸವೆಯುವ ಭಾಗ, ಎಂಥ ಮಷಿನ್ನಾದರೂ ಸವೆಯುತ್ತದೆ, ಹಳೇದು ಕೊಂಡ ನಾನೇ ಅದಕ್ಕೆ ಬಾಧ್ಯ. ಅರ್ಧ ಬೆಲೆಗೆ ಬಂದದ್ದರಲ್ಲಿ ಆ ಸವೆತವೂ ಸೇರಿರುತ್ತದೆ. ಕೂಲಿಯೂ ನನ್ನದೇ ಇರಲಿ. ಪಂಪು ಹಾಗಲ್ಲ. ಅದು ಒಂದೋ ಎತ್ತುತ್ತದೆ ಇಲ್ಲವೋ ಎತ್ತುವುದಿಲ್ಲ. ಬುಷ್ ಸವೆದದ್ದು ಪಂಪಿನಿಂದ. ಆ 2,700 ರೂಪಾಯಿ ಅವರದು. ಇಷ್ಟು ಲೆಕ್ಕ ಬರೆದ ಮೇಲೆ, ಇಡೀ ದುಡ್ಡು ವಾಪಸ್ ಕೊಡಿ ಎಂದು ಗುಡುಗುವ ಹುಮ್ಮಸ್ಸು ಅರ್ಧ ಇಳಿದುಹೋಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಬೇಸರವೂ ಆಯಿತು, ಸಿಟ್ಟನ್ನು ಎಣಿಸಿ ನೋಡಿದಾಗ ಅದು ಇಷ್ಟು ಚಿಕ್ಕದೇ ಎಂದು.

ದುರ್ಗದ ಹಜಾರ

ಕೊನೆಗೆ ಆ ಭಾನುವಾರ ಬಂತು. ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿದೆವು. ಮುಂಚೆಯೇ ಹೋಗಬೇಕಾಗಿದ್ದ ದಾರಿ. ಭರಮಸಾಗರ ದಾಟುವವರೆಗೂ ನಾನು ಕಲಮುಗಳನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ. ಇವಳು ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದಳು.

ಬಾಗಿಲು ತೆಗೆದವರು ಅವರೇ, ಐವತ್ತೆಂಟು ಅರವತ್ತರ ಮನುಷ್ಯ, ಮುಖದಲ್ಲಿ ಮುಜುಗರ. "ಬನ್ನಿ ಸಾರ್, ಕೂತ್ಕೊಳ್ಳಿ" ಎಂದು ವಿಡಿಯೊದಲ್ಲಿ ಕಂಡಿದ್ದ ಅದೇ ಹಜಾರದಲ್ಲಿ ಕೂರಿಸಿದರು. ಕಿಟಕಿ ಪಕ್ಕದ ಜಾಗ ಖಾಲಿ. ರೆಡ್ ಆಕ್ಸೈಡ್ ನೆಲದ ಮೇಲೆ ಎಣ್ಣೆ ಕಲೆ, ನಾಲ್ಕು ಕಾಲಿನ ಗುರುತು. ನಾನು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಂದರು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಧಾನಕ್ಕೆ. ಡಾಕ್ಟರು ಕೂತು ಹೊಲಿಯುವುದನ್ನು ಬಿಡಿಸಿದ್ದರಂತೆ. ಅವರು ನನ್ನ ಕಡೆ ನೋಡಲೂ ಇಲ್ಲ. ನೇರ ಇವಳ ಪಕ್ಕ ಕೂತು ಕೇಳಿದರು:

"ಬೆಳಿಗ್ಗೆ ಮ್ಯಾಲಿಂದ ಎಣ್ಣೆ ಬಿಡ್ತೀಯೇನಮ್ಮಾ ಅದಕ್ಕೆ?"

ಹಜಾರ ಸ್ತಬ್ಧವಾಯಿತು. ನನ್ನ ಹೆಂಡತಿ, "ಇಲ್ಲಮ್ಮ, ಅದು ತಾನೇ ಎಳ್ಕೊಳ್ಳುತ್ತಲ್ಲ" ಎಂದಳು.

"ಅಯ್ಯೋ, ಅದು ಎಳ್ಕೊಳ್ಳೋದು ಬಿಟ್ಟು ಎರಡು ವರ್ಷ ಆಯ್ತು. ದಿನಾ ಬೆಳಿಗ್ಗೆ ಹೂವಿಗೆ ನೀರು ಹಾಕಿ ಬಂದು ಇದಕ್ಕೆ ನಾಲ್ಕು ಕಡೆ ಎಣ್ಣೆ ಬಿಡ್ತಿದ್ದೆ. ಆಮೇಲೆ ಸಂಜೀತನಕ ಬಂಗಾರದಂಗೆ ಓಡ್ತಿತ್ತು. ಹೇಳಲಿಲ್ವೇನ್ರೀ ನೀವು?"

ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದರು. "ರಿಪೇರಿ ಐತಾ ಅಂತ ಕೇಳಿದ್ರು. ರಿಪೇರಿ ಎಲ್ಲಿತ್ತು? ಓಡ್ತಿತ್ತಲ್ಲ."

"ಅದು ರಿಪೇರಿ ಅಲ್ಲಮ್ಮ, ಅಭ್ಯಾಸ" ಎಂದರು ಆಕೆ ಇವಳಿಗೆ, ಒಂದು ಗುಟ್ಟು ಹೇಳಿಕೊಡುವ ಹಾಗೆ.

ಬಸ್ಸಿನಲ್ಲಿ ಉರು ಹೊಡೆದದ್ದೆಲ್ಲ ನನ್ನ ತಲೆಯಿಂದ ಇಳಿದುಹೋಯಿತು. ನಮ್ಮ ಮನೆಯಲ್ಲೂ ಬಾತ್‌ರೂಮಿನ ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಬೇಕು. ಗ್ಯಾಸ್ ಒಲೆಯ ಎಡಗಡೆ ಬರ್ನರು ಎರಡನೇ ಸಲಕ್ಕೆ ಹತ್ತುತ್ತದೆ. ನೆಂಟರು ಬಂದಾಗಲಷ್ಟೇ ಅವು ತೊಂದರೆ ಎಂಬುದು ನಮಗೆ ನೆನಪಾಗುವುದು. ಜತೆಯಲ್ಲೇ ಬದುಕಿದ ಊನ ಕಣ್ಣಿಗೆ ಬೀಳುವುದಿಲ್ಲ, ಕೈ ತಾನೇ ಅದನ್ನು ಸುಧಾರಿಸಿಕೊಂಡು ಹೋಗುತ್ತಿರುತ್ತದೆ. ಆ ಮಷಿನ್ನಿನ ಸತ್ತ ಪಂಪಿನ ಕೆಲಸವನ್ನು ಎರಡು ವರ್ಷ ಈಕೆಯ ಕೈ ಮಾಡಿತ್ತು. ಮಾರುವಾಗ ಮಷಿನ್ ಮಾತ್ರ ಟಾಟಾ ಏಸ್ ಹತ್ತಿತು, ಕೈ ದುರ್ಗದಲ್ಲೇ ಉಳಿಯಿತು. ಜಾಹೀರಾತು ಬರೆದವರು ಆ ಕೈಯಲ್ಲ, ಮಷಿನ್ ಮುಟ್ಟಿಯೇ ಗೊತ್ತಿಲ್ಲದ ಗಂಡ. ಪ್ರಶ್ನೆ ಕೇಳಿದ ನಾನೂ ಮಷಿನ್ ಮುಟ್ಟಿದವನಲ್ಲ. ಹೊಲಿಯಲು ಬಾರದ ಇಬ್ಬರು ಗಂಡಸರು ಹೊಲಿಗೆ ಮಷಿನ್ನಿನ ವ್ಯಾಪಾರ ಕುದುರಿಸಿದ್ದೆವು.

ಆಕೆಗೆ ಆಮೇಲೆ ಇನ್ನೊಂದು ಮಾತು ಬಾಯಿತಪ್ಪಿ ಬಂತು. ವಿಡಿಯೊ ಮಾಡುವ ದಿನ ಊರಲ್ಲಿರಲಿಲ್ಲವಂತೆ, ಮಗಳ ಮನೆಗೆ ಹೋಗಿದ್ದರಂತೆ. "ಎಣ್ಣೆ ಬಿಡದೆ ಜಾಸ್ತಿ ಹೊತ್ತು ಓಡಿಸಬ್ಯಾಡ್ರಿ ಅಂತ ಫೋನಲ್ಲೇ ಹೇಳಿದ್ದೆ ಇವರಿಗೆ" ಎಂದರು. ನನಗೆ ತಕ್ಷಣ 38 ಸೆಕೆಂಡು ನೆನಪಾಯಿತು. ಅವರ ಮುಖ ನೋಡಿದೆ. ಅವರು ನೀರಿನ ಲೋಟವನ್ನು ಟೀಪಾಯಿಯ ಅಂಚಿನಿಂದ ಒಳಕ್ಕೆ ಸರಿಸಿದರು, ಏನೂ ಹೇಳಲಿಲ್ಲ. ಈ ಮೌನವನ್ನು ಯಾವ ಉದಾಹರಣೆಯ ಕೆಳಗೆ ಬರೆಯಬೇಕೋ ನನಗೆ ಇವತ್ತಿಗೂ ತಿಳಿಯದು.

ನಾನು 2,700ರ ಲೆಕ್ಕ ಮುಂದಿಟ್ಟೆ. ಹುಕ್ಕು, ಕೂಲಿ ನಮ್ಮದೇ ಎಂದೆ. ಯಜಮಾನರು ಚೀಟಿಯನ್ನು ಎರಡು ಸಲ ಓದಿ 1,500 ಎಂದರು. ಗಾಡಿಯವನು ಅಡ್ಡ ಮಲಗಿಸಿದ ಮಾತು ಮತ್ತೆ ಬಂತು, ನೀಲಿ ಟಿಕ್ಕಿನ ಮಾತು ನನ್ನ ಕಡೆಯಿಂದ ಬಂತು. ಒಂದಷ್ಟು ಹೊತ್ತು ಹೀಗೇ. ಆಕೆ ಎದ್ದು ಒಳಗೆ ಹೋಗಿ ಒಂದು ಬಿಸ್ಕತ್ ಡಬ್ಬಿ ತಂದು ಇವಳ ಮಡಿಲಿಗಿಟ್ಟರು. ಬಾಬಿನ್ನುಗಳು, ಜಿಪ್ ಹೊಲಿಯುವ ಫೂಟು, ಪೈಪಿಂಗ್ ಫೂಟು, ಎರಡು ಬಾಬಿನ್ ಕೇಸು, ಸೂಜಿ ಪ್ಯಾಕೆಟ್ಟುಗಳು. "2,000 ಕೊಡಿಸ್ತೀನಿ, ಇದನ್ನೂ ತಗೊಂಡು ಹೋಗಮ್ಮಾ. ನನಗಿನ್ನು ಯಾಕೆ?" ನಾನು ಬಾಯಿ ತೆರೆಯುವ ಮುಂಚೆ ಇವಳು "ಆಯ್ತಮ್ಮ" ಎಂದಾಗಿತ್ತು. ದುಡ್ಡು ಅಲ್ಲೇ ಫೋನಿಗೆ ಬಂತು. ವಕೀಲ ಹೇಳಿದ್ದನೆಂದು ಒಂದು ಹಾಳೆಯಲ್ಲಿ ಇಷ್ಟು ಮುಟ್ಟಿದೆ, ಇನ್ನು ಈ ಮಷಿನ್ ಬಗ್ಗೆ ತಕರಾರಿಲ್ಲ ಎಂದು ಬರೆದು ಇಬ್ಬರೂ ಸಹಿ ಮಾಡಿದೆವು. ಆ ಹಾಳೆ ಅವರ ಮುಖದ ಮುಜುಗರವನ್ನು ದುಡ್ಡಿಗಿಂತ ಹೆಚ್ಚು ಇಳಿಸಿತು ಎಂದು ನನಗನ್ನಿಸಿತು. ಇನ್ನೊಮ್ಮೆ ಫೋನ್ ಬರುವುದಿಲ್ಲ ಎಂಬ ನೆಮ್ಮದಿ ಇರಬೇಕು.

ಹೊರಡುವಾಗ ಆಕೆ ಇವಳನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡು, ಎಣ್ಣೆ ಬಿಡಬೇಕಾದ ನಾಲ್ಕು ಜಾಗವನ್ನು ಗಾಳಿಯಲ್ಲೇ ಬೆರಳಿಟ್ಟು ತೋರಿಸಿದರು. ಪಂಪು ಹೊಸದು ಹಾಕಿಸುತ್ತೇವೆ ಎಂದು ಗೊತ್ತಿದ್ದೂ.

ಬಸ್ಸಿನಲ್ಲಿ ಇವಳು ಡಬ್ಬಿಯೊಳಗಿನ ಬಾಬಿನ್ ಎಣಿಸುತ್ತ ಹೇಳಿದಳು: "ಹತ್ತು ದಿನ ಕಾನೂನು ಓದ್ತಾ ಕೂತ್ರಿ. ಮೊದಲನೇ ದಿನಾನೇ ಅಂದಿದ್ದೆ, ಅವರ ಹೆಂಡತಿಗೆ ಫೋನ್ ಕೊಡಿ ಅಂತ ಕೇಳ್ರೀ ಅಂತ." ಅಂದಿದ್ದು ನಿಜ. ನಾನು ಕೇಳಿಸಿಕೊಂಡಿರಲಿಲ್ಲ.

ಹೊಸ ಪಂಪು ಬಂತು. ಗಾಜಿನ ಬಿಲ್ಲೆಯೊಳಗೆ ಈಗ ಎಣ್ಣೆ ಮಳೆಹನಿಯ ಹಾಗೆ ಚಿಮ್ಮುತ್ತದೆ. ಮಾವ ಬಂದಾಗಲೆಲ್ಲ ಒಮ್ಮೆ ಬಗ್ಗಿ ನೋಡಿ ಹೋಗುತ್ತಾರೆ.

ಹಳೇ ತುಳಿಯುವ ಮಷಿನ್ ಜಾಗ ಹಿಡಿದಿತ್ತು. ಕಳೆದ ತಿಂಗಳು ಅದನ್ನು ಮಾರಲು ಹಾಕಿದೆವು. ಈ ಸಲ ಜಾಹೀರಾತು ಬರೆದವಳು ಇವಳು, ನಾನು ಟೈಪ್ ಮಾಡಿದವನು ಮಾತ್ರ. ಬೆಲ್ಟು ಜಾರುತ್ತದೆ, ಮಳೆಗಾಲದಲ್ಲಿ ಪೆಡಲ್ ಕಿರುಗುಟ್ಟುತ್ತದೆ, ದಪ್ಪ ಬಟ್ಟೆಗೆ ಮುಂಚೆ ಚಕ್ರವನ್ನು ಕೈಯಿಂದ ಒಮ್ಮೆ ತಿರುಗಿಸಬೇಕು, ಬಾಬಿನ್ ಸುತ್ತುವ ರಬ್ಬರು ಹೋಗಿದೆ, ಮರದ ಹಲಗೆಯ ಎಡತುದಿ ಎದ್ದಿದೆ. ಹನ್ನೊಂದು ವರ್ಷದ ಅಭ್ಯಾಸಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು ಹೇಳಿದಳು. ಎರಡು ವಾರ ಒಂದೂ ಫೋನ್ ಬರಲಿಲ್ಲ. ಮೊನ್ನೆ ಹರಿಹರದಿಂದ ಒಬ್ಬ ಹೆಣ್ಣುಮಗಳು ಮಾಡಿದ್ದರು. ಬೆಲೆ ಕೇಳಲಿಲ್ಲ, ಬಂದು ನೋಡಬಹುದಾ ಎಂದೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅನುಮಾನದ ದನಿಯಲ್ಲಿ ಅಂದರು:

"ಇಷ್ಟೆಲ್ಲ ನೀವೇ ಬರೆದಿದ್ದೀರಲ್ಲ ಸಾರ್, ಬರೀದೇ ಇರೋದು ಇನ್ನೇನೈತೆ?"

ಫೋನನ್ನು ಇವಳ ಕೈಗೆ ಕೊಟ್ಟೆ.